ಪಿಚ್ ಅಂದ್ರೆ ಯಾವ ಪಿಚ್? ಡಾಂಬರು, ಕ್ರಿಕೆಟ್, ಸ್ವರ, ಸ್ಕ್ರೂ, ಎಲ್ಲಾ ಒಂದೇ ಪದವಾ?

ಸಬ್‌ಟೈಟಲ್ ಬರೆಯುವವಳು

ಎಲ್ಲರಿಗೂ ನಮಸ್ಕಾರ. ಹಳೇ ಕಾಲದ ಹಾಯಿಹಡಗುಗಳ ಬಗ್ಗೆ ಇರುವ ಒಂದು ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಅದರಲ್ಲಿ ಪಿಚ್ ಅನ್ನೋ ಪದ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಬೇರೆ ಅರ್ಥದಲ್ಲಿ. ಕ್ಯಾಪ್ಟನ್ ತನ್ನ ಯೋಜನೆಯನ್ನು ದುಡ್ಡಿದ್ದವರ ಮುಂದೆ ಪಿಚ್ ಮಾಡುತ್ತಾನೆ. ಕೆಲಸಗಾರರು ಪಿಚ್ ಕಾಯಿಸುತ್ತಾರೆ. ರಾತ್ರಿ ಪಿಚ್ ಡಾರ್ಕ್. ಬಿರುಗಾಳಿಯಲ್ಲಿ ಹಡಗು ಬೆಳಗಿನವರೆಗೂ ಪಿಚ್ ಆಗುತ್ತದೆ. ಆಮೇಲೆ ದಡದಲ್ಲಿ ಡೇರೆ ಪಿಚ್ ಮಾಡುತ್ತಾರೆ, ಅಲ್ಲೇ ಒಂದು ಪಿಚ್ಡ್ ಬ್ಯಾಟಲ್ ಕೂಡ ಆಗುತ್ತದೆ.

ನಿಘಂಟು ತೆಗೆದರೆ ಈ ಒಂದು ಪದಕ್ಕೇ ಪುಟಗಟ್ಟಲೆ ಅರ್ಥ ಇದೆ. ಒಂದೊಂದನ್ನೂ ಬಾಯಿಪಾಠ ಮಾಡೋದು ಬಿಟ್ಟು ಬೇರೆ ದಾರಿ ಇದೆಯಾ? ಇವೆಲ್ಲ ಎಲ್ಲಾದರೂ ಸೇರುತ್ತವಾ, ಅಥವಾ ಸುಮ್ನೆ ಕಾಕತಾಳೀಯವಾ?

ನಿಘಂಟು ಹುಳ

ಮೇಡಂ, ಅರ್ಧ ಸೇರುತ್ತವೆ, ಅರ್ಧ ಸೇರೋದೇ ಇಲ್ಲ. ಇದು ಒಂದು ಪದ ಅಲ್ಲ, ಎರಡು ಪದ. ಬರೆಯೋದು, ಉಚ್ಚರಿಸೋದು ಒಂದೇ ಥರ ಆಗಿಬಿಟ್ಟಿದೆ ಅಷ್ಟೇ. ಒಳ್ಳೇ ನಿಘಂಟುಗಳಲ್ಲಿ ಪಿಚ್ 1, ಪಿಚ್ 2 ಅಂತ ಬೇರೆ ಬೇರೆಯಾಗಿಯೇ ಕೊಟ್ಟಿರುತ್ತಾರೆ. ಆ ಪುಟ್ಟ ಅಂಕಿಯನ್ನು ನಾವು ಯಾರೂ ನೋಡೋದಿಲ್ಲ.

ನಮ್ಮಲ್ಲೂ ಇದೆಯಲ್ಲ. "ಹತ್ತು ಮೆಟ್ಟಿಲು ಹತ್ತು" ಅಂತೀವಿ. ಮೊದಲನೇ ಹತ್ತು ಸಂಖ್ಯೆ, ಎರಡನೇದು ಏರು ಅನ್ನೋದು. ಮರಗಳ ಕಾಡಿಗೂ ನೆನಪು ಕಾಡುವುದಕ್ಕೂ ನಂಟು ಹುಡುಕೋಕೆ ಯಾರೂ ಹೋಗಲ್ಲ.

ಮೊದಲನೇ ಪಿಚ್ ಲ್ಯಾಟಿನ್‌ನಿಂದ ಬಂದದ್ದು. ಅಲ್ಲಿ ಪಿಕ್ಸ್ ಅಂದರೆ ಡಾಂಬರಿನಂಥ ಕಪ್ಪು ಅಂಟು. ಹಳೇ ಇಂಗ್ಲಿಷಿನಲ್ಲಿ ಅದು ಪಿಕ್ ಆಯಿತು, ಆಮೇಲೆ ಪಿಚ್ ಆಯಿತು. ಜರ್ಮನ್ನರು ಇದನ್ನೇ ಪೆಖ್ ಅಂತಾರೆ. ನಿಮ್ಮ ಕೆಲಸಗಾರರು ಕಾಯಿಸೋದು ಇದನ್ನೇ. ಪಿಚ್ ಡಾರ್ಕ್ ಅಂದರೂ ಇದೇ, ಡಾಂಬರಿನಷ್ಟು ಕಪ್ಪು ಅಂತ. ಈ ಮನೆಯಲ್ಲಿ ಇರೋದು ಇಷ್ಟೇ ಜನ.

ಎರಡನೇದು ದೊಡ್ಡ ಸಂಸಾರ. ಮಧ್ಯಕಾಲದ ಇಂಗ್ಲಿಷಿನಲ್ಲಿ ಪಿಚ್ಚೆನ್ ಅಂತ ಒಂದು ಕ್ರಿಯಾಪದ ಇತ್ತು. ಅರ್ಥ ಚುಚ್ಚು, ನೆಡು, ಊರು. ಗೂಟ ನೆಟ್ಟು ಡೇರೆ ನಿಲ್ಲಿಸುವುದು ಅಲ್ಲಿಂದಲೇ. ನೆಟ್ಟದ್ದು ಅಲುಗಾಡದೆ ನಿಲ್ಲುತ್ತದೆ, ಹಾಗಾಗಿ ಜಾಗ ಗೊತ್ತು ಮಾಡು ಅನ್ನೋ ಅರ್ಥವೂ ಬಂತು. ಈಟಿಯನ್ನು ಗುರಿಗೆ ನಾಟುವ ಹಾಗೆ ಬಿಡುವುದರಿಂದ ಎಸೆ ಅನ್ನೋ ಅರ್ಥಕ್ಕೆ ದಾರಿ ದೂರ ಇಲ್ಲ. ಉಳಿದ ಅರ್ಥಗಳೆಲ್ಲ ಇದೇ ಮನೆಯವು.

ನಮ್ಮ "ಹೂಡು" ನೆನಪಿಸಿಕೊಳ್ಳಿ. ಡೇರೆ ಹೂಡುತ್ತೇವೆ, ಬಾಣ ಹೂಡುತ್ತೇವೆ, ಬಂಡವಾಳ ಹೂಡುತ್ತೇವೆ, ಮೊಕದ್ದಮೆನೂ ಹೂಡುತ್ತೇವೆ. ಯಾರಿಗೂ ಗೊಂದಲ ಆಗಲ್ಲ. ಎರಡನೇ ಪಿಚ್ ಬೆಳೆದದ್ದೂ ಹೆಚ್ಚುಕಡಿಮೆ ಹೀಗೇ.

ನೇರ ಮಾತು

ಇಷ್ಟೆಲ್ಲ ಯಾಕೆ ಬೇಕು? ಪಿಚ್ ಅನ್ನೋದು ಈಗ ಕನ್ನಡದ್ದೇ ಪದ. ಪಿಚ್ ಅಂತಲೇ ಬಿಡಿ, ನೋಡುವವರಿಗೆ ಅರ್ಥ ಆಗುತ್ತದೆ. ಪದ ಹುಟ್ಟಿದ ಕಥೆ ಗೊತ್ತಿದ್ದರೆ ಸಬ್‌ಟೈಟಲ್ ಚೆನ್ನಾಗಿ ಬರುತ್ತೆ ಅನ್ನೋದನ್ನು ನಾನು ಒಪ್ಪಲ್ಲ.

ಸ್ಕೋರರ್

ನೇರ ಮಾತು ಅವರೇ, ಕ್ರಿಕೆಟ್‌ಗೆ ಮಾತ್ರ ನೀವು ಹೇಳಿದ್ದು ಸರಿ. ಅಲ್ಲಿ ಪಿಚ್‌ಗೆ ಕನ್ನಡ ಪದ ಹುಡುಕೋಕೆ ಹೋಗಬಾರದು. ಆದರೆ ಅಲ್ಲೂ ಇದು ಎರಡು ಕೆಲಸ ಮಾಡುತ್ತದೆ, ಅದನ್ನು ಬಿಡಿಸಿ ಹೇಳಬೇಕು.

ಪಿಚ್ ಅಂದರೆ ಎರಡು ಕಡೆಯ ವಿಕೆಟ್‌ಗಳ ನಡುವಿನ ಪಟ್ಟಿ. 22 ಗಜ ಉದ್ದ, ಅಂದರೆ 20.12 ಮೀಟರ್. ಅಗಲ 10 ಅಡಿ. ಇದು ಎಲ್ಲರಿಗೂ ಗೊತ್ತು. ಆದರೆ "ಚೆಂಡು ಲೆಗ್ ಸ್ಟಂಪ್ ಆಚೆ ಪಿಚ್ ಆಯಿತು" ಅಂದಾಗ ಆ ಪಿಚ್ ಪಟ್ಟಿ ಅಲ್ಲ, ಚೆಂಡು ನೆಲಕ್ಕೆ ತಾಗಿದ್ದು. ಎಲ್‌ಬಿಡಬ್ಲ್ಯು ತೀರ್ಪು, ಅಂದರೆ ವಿಕೆಟ್‌ಗೆ ಹೋಗಬೇಕಿದ್ದ ಚೆಂಡು ಕಾಲಿಗೆ ತಾಗಿದಾಗ ಔಟ್ ಕೊಡೋ ತೀರ್ಪು, ಬಹಳಷ್ಟು ಇದರ ಮೇಲೆ ನಿಂತಿದೆ. ಚೆಂಡು ಲೆಗ್ ಸ್ಟಂಪ್‌ನ ಹೊರಗೆ ನೆಲಕ್ಕೆ ಬಿದ್ದು ಒಳಗೆ ತಿರುಗಿ ಮಧ್ಯದ ಸ್ಟಂಪ್‌ಗೇ ಹೋಗುತ್ತಿದ್ದರೂ ಔಟ್ ಇಲ್ಲ. ಆಫ್ ಸ್ಟಂಪ್ ಹೊರಗೆ ಬಿದ್ದಿದ್ದರೆ ಔಟ್ ಕೊಡಬಹುದು, ಆದರೆ ಬ್ಯಾಟ್ಸ್‌ಮನ್ ನಿಜವಾಗಿ ಆಡೋ ಪ್ರಯತ್ನ ಮಾಡಿದ್ದರೆ ಪ್ಯಾಡಿಗೆ ತಾಗಿದ ಜಾಗ ಸ್ಟಂಪ್‌ಗಳ ಸಾಲಿನಲ್ಲೇ ಇರಬೇಕು. ನೆಲಕ್ಕೆ ತಾಗದೆ ನೇರ ಬರುವ ಫುಲ್ ಟಾಸ್ ಆದರೆ ಪಿಚ್ ಆಗೋ ಮಾತೇ ಇಲ್ಲ.

ಇದರ ಜೊತೆ ಇನ್ನೊಂದು ಇದೆ. ಚೆಂಡು ಪಟ್ಟಿಯ ಹೊರಗೆ ನೆಲಕ್ಕೆ ಬಿದ್ದರೆ ನೋಬಾಲ್. ನಿಯಮದ ಇಂಗ್ಲಿಷಿನಲ್ಲಿ ಅದನ್ನು "ಪಿಚಿಂಗ್ ಆಫ್ ದ ಪಿಚ್" ಅಂತಾರೆ. ಇದನ್ನು ಕನ್ನಡದಲ್ಲಿ "ಪಿಚ್‌ನ ಹೊರಗೆ ಪಿಚ್ ಆದ ಚೆಂಡು" ಅಂತ ಬರೆದರೆ ಓದುವವರು ಒಂದು ಕ್ಷಣ ನಿಲ್ಲಲೇಬೇಕು. "ಪಿಚ್‌ನ ಹೊರಗೆ ನೆಲಕ್ಕೆ ಬಿದ್ದ ಚೆಂಡು" ಅಂದರೆ ಸಾಕು.

ಪಟ್ಟಿಗೆ ಆ ಹೆಸರು ಬಂದದ್ದೂ ನೆಡುವುದರಿಂದಲೇ. 1744ರ ನಿಯಮಗಳಲ್ಲಿ ಮೊದಲ ವಿಕೆಟ್ ಎಲ್ಲಿ "ಪಿಚ್" ಮಾಡಬೇಕು ಅನ್ನೋದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಬೇಕು ಅಂತ ಇದೆ. ಅಂದರೆ ಆಗ ಪಿಚ್ ಇನ್ನೂ ಕೆಲಸದ ಹೆಸರು, ಸ್ಟಂಪ್ ಊರುವ ಕೆಲಸ. ಊರಿದ ಜಾಗಕ್ಕೆ ಆ ಹೆಸರು ಅಂಟಿಕೊಂಡಿತು. ಬ್ರಿಟನ್ನಿನಲ್ಲಿ ಫುಟ್‌ಬಾಲಿನ ಇಡೀ ಮೈದಾನವನ್ನೇ ಪಿಚ್ ಅಂತಾರೆ. ಅಮೆರಿಕದ ಬೇಸ್‌ಬಾಲಿನಲ್ಲಿ ಪಿಚ್ ಅಂದರೆ ಎಸೆತ, ಜಾಗ ಅಲ್ಲ. ಅನುವಾದ ಮಾಡುವಾಗ ಯಾವ ದೇಶದ ಆಟ ಅಂತ ಮೊದಲು ನೋಡಿ.

ಕೆಮಿಸ್ಟ್ರಿ ಮೇಷ್ಟ್ರು

ಡಾಂಬರಿನ ಮನೆಯಲ್ಲಿ "ಇಷ್ಟೇ ಜನ" ಅಂದುಬಿಟ್ಟಿರಲ್ಲ ಸರ್, ನನಗೆ ಬಹಳ ಇಷ್ಟವಾದ ವಸ್ತು ಅದು. ಸ್ವಲ್ಪ ಹೇಳಲೇಬೇಕು.

ಮರದಿಂದ ಇಳಿಸಿದ ಕೀಲೆಣ್ಣೆಯನ್ನೋ ಕಲ್ಲಿದ್ದಲಿನ ಡಾಂಬರನ್ನೋ ಕಾಯಿಸಿ ಆವಿಯಾಗುವುದನ್ನೆಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಟ್ಟಿ ಕಪ್ಪು ಪದಾರ್ಥವೇ ಪಿಚ್. ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೇ ಇರುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ಗಾಜಿನಂತೆ ಚೂರಾಗುತ್ತದೆ. ಆದರೂ ಅದು ಹರಿಯುತ್ತದೆ!

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಅನ್ನೋ ಪ್ರೊಫೆಸರ್ 1927ರಲ್ಲಿ ಇದನ್ನು ತೋರಿಸಲು ಹೊರಟರು. ಪಿಚ್ ಕಾಯಿಸಿ, ಕೆಳಗಿನ ಬಾಯಿ ಮುಚ್ಚಿದ ಗಾಜಿನ ಆಲಿಕೆಗೆ ಸುರಿದರು. ಅದು ಕೂತು ಹದವಾಗಲಿ ಅಂತ ಮೂರು ವರ್ಷ ಬಿಟ್ಟರು. 1930ರಲ್ಲಿ ಆಲಿಕೆಯ ತುದಿ ಕತ್ತರಿಸಿದರು. ಮೊದಲ ಹನಿ ಬಿದ್ದದ್ದು 1938ರಲ್ಲಿ. ಒಂಬತ್ತನೇ ಹನಿ 2014ರಲ್ಲಿ. ಅಂದರೆ ಎಂಬತ್ತಕ್ಕೂ ಹೆಚ್ಚು ವರ್ಷದಲ್ಲಿ ಒಂಬತ್ತೇ ಹನಿ. ನೀರಿಗಿಂತ ಸುಮಾರು 23,000 ಕೋಟಿ ಪಟ್ಟು ಮಂದ ಅಂತ ಲೆಕ್ಕ ಹಾಕಿದ್ದಾರೆ. 2000ದಲ್ಲಿ ಎಂಟನೇ ಹನಿ ಬೀಳುವಾಗ ಕ್ಯಾಮೆರಾ ಇಟ್ಟಿದ್ದರು, ಆದರೆ ಅದು ಕೈಕೊಟ್ಟಿತು. ಇಂಥದ್ದೇ ಇನ್ನೊಂದು ಪ್ರಯೋಗ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ 1944ರಿಂದ ನಡೆಯುತ್ತಿದೆ. ಹನಿ ಕಳಚಿ ಬೀಳೋದು ಮೊದಲ ಸಲ ವಿಡಿಯೋದಲ್ಲಿ ಸಿಕ್ಕಿದ್ದು ಅಲ್ಲಿ, 2013ರಲ್ಲಿ.

ಹಡಗಿಗೆ ಇದು ಯಾಕೆ ಬೇಕು ಅಂದರೆ ಹಲಗೆಗಳ ಸಂದು ಮುಚ್ಚೋಕೆ. ಹಳೇ ಹಗ್ಗ ಬಿಡಿಸಿದ ನಾರನ್ನು ಸಂದಿಗೆ ಬಡಿದು ತುಂಬಿ, ಮೇಲೆ ಬಿಸಿ ಪಿಚ್ ಸುರಿಯುತ್ತಿದ್ದರು. ಆರಿದ ಮೇಲೆ ನೀರು ಒಳಗೆ ಬರಲ್ಲ. ಮೇಡಂ, ಸಬ್‌ಟೈಟಲಿನಲ್ಲಿ "ಡಾಂಬರು ಕಾಯಿಸಿದರು" ಅಂದರೆ ಧಾರಾಳ ಸಾಕು.

ಈ ಮನೆಯ ಇನ್ನೊಬ್ಬ ಸದಸ್ಯ ಪಿಚ್‌ಬ್ಲೆಂಡ್, ಯುರೇನಿಯಂ ಅದಿರು. ಡಾಂಬರಿನ ಹಾಗೆ ಕಪ್ಪಗೆ ಹೊಳೆಯುತ್ತದೆ ಅಂತ ಆ ಹೆಸರು. ಕ್ಯೂರಿ ದಂಪತಿ 1898ರಲ್ಲಿ ಪೊಲೋನಿಯಂ, ರೇಡಿಯಂ ಎರಡನ್ನೂ ಕಂಡದ್ದು ಅದರಲ್ಲೇ.

ಲೇತ್ ಹತ್ತಿರ ನಿಲ್ಲುವವ

ನಮ್ಮ ಕಡೆಯ ಪಿಚ್ ಯಾರೂ ಹೇಳಲಿಲ್ಲ. ನಮಗೆ ಪಿಚ್ ಅಂದರೆ ಥ್ರೆಡ್‌ನ, ಅಂದರೆ ಬೋಲ್ಟಿನ ಮೇಲಿನ ಸುರುಳಿ ಏಣಿನ, ಪಿಚ್. ಒಂದು ಥ್ರೆಡ್‌ನ ತುದಿಯಿಂದ ಪಕ್ಕದ ಥ್ರೆಡ್‌ನ ತುದಿಗೆ ಇರೋ ದೂರ.

ಎಂ10 ಬೋಲ್ಟ್ (10 ಮಿ.ಮೀ. ದಪ್ಪದ್ದು) ಅಂತ ಮಾತ್ರ ಹೇಳಿದರೆ ಸಾಮಾನ್ಯವಾಗಿ 1.5 ಮಿ.ಮೀ. ಪಿಚ್‌ನದು ಕೊಡುತ್ತಾರೆ. ಆದರೆ ಎಂ10ರಲ್ಲೇ 1.25ರ ಸಣ್ಣ ಪಿಚ್ ಕೂಡ ಇದೆ. ಕಣ್ಣಿಗೆ ಎರಡೂ ಒಂದೇ. 1.5ರ ಬೋಲ್ಟಿಗೆ 1.25ರ ನಟ್ ಹಾಕಿ ನೋಡಿ. ಬಾಯಿಗೆ ಕೂರುತ್ತದೆ, ಕೈಯಲ್ಲೇ ಸ್ವಲ್ಪ ತಿರುಗುತ್ತದೆ, ಸರಿಯಾಗಿದೆ ಅನ್ನಿಸುತ್ತದೆ. ಆಮೇಲೆ ಗಟ್ಟಿಯಾಗುತ್ತದೆ. ತುಕ್ಕು ಹಿಡಿದಿರಬೇಕು ಅಂದ್ಕೊಂಡು ಸ್ಪ್ಯಾನರ್ ಹಾಕಿ ಎಳೆದರೆ ಮುಗೀತು, ಥ್ರೆಡ್ ಉಜ್ಜಿಹೋಗುತ್ತದೆ, ನಟ್ಟೂ ಹೋಯ್ತು ಬೋಲ್ಟೂ ಹೋಯ್ತು. ಅದಕ್ಕೇ ಪಿಚ್ ಗೇಜ್ ಇಟ್ಟುಕೊಳ್ಳೋದು. ಗರಗಸದ ಹಲ್ಲಿನಂಥ ಬ್ಲೇಡನ್ನು ಥ್ರೆಡ್ ಮೇಲೆ ಇಟ್ಟು ಬೆಳಕಿಗೆ ಹಿಡೀಬೇಕು. ನಡುವೆ ಬೆಳಕು ಕಾಣಲಿಲ್ಲ ಅಂದರೆ ಪಿಚ್ ಅದೇ.

ಚೈನ್, ಹಲ್ಲುಚಕ್ರ, ಎಲ್ಲದಕ್ಕೂ ಇದೇ ಲೆಕ್ಕ. ಸೈಕಲ್ ಚೈನಿನ ಪಿಚ್ ಅರ್ಧ ಇಂಚು, 12.7 ಮಿ.ಮೀ. ಒಂದು ಪಿನ್‌ನಿಂದ ಮುಂದಿನ ಪಿನ್‌ಗೆ. ಇದಕ್ಕೆ ಕನ್ನಡ ಪದ ಮಾಡಬೇಡಿ ದಯವಿಟ್ಟು. ಸ್ಪೇರ್ ತರೋಕೆ ಹೋದಾಗ ಪಿಚ್ ಅಂದರೆ ಮಾತ್ರ ಕೆಲಸ ಆಗುತ್ತೆ. ಈ ವಿಷಯದಲ್ಲಿ ನಾನು ನೇರ ಮಾತು ಅವರ ಕಡೆ.

ತಂಬೂರಿ

ಸಂಗೀತದ ಪಿಚ್ ಬಗ್ಗೆ ನಾನು ಹೇಳ್ತೀನಿ, ಯಾಕಂದರೆ ಇಲ್ಲಿ ತಪ್ಪು ಅನುವಾದ ಜಾಸ್ತಿ ನೋಡಿದ್ದೇನೆ. "ಹೈ ಪಿಚ್" ಅನ್ನೋದನ್ನು "ಜೋರು ದನಿ" ಅಂತ ಬರೆಯುತ್ತಾರೆ. ಜೋರು ಬೇರೆ, ಎತ್ತರ ಬೇರೆ. ಸೊಳ್ಳೆಯ ಗುಂಯ್ ಸದ್ದು ತೀರಾ ಮೆಲ್ಲಗಿದೆ, ಆದರೆ ಪಿಚ್ ಎತ್ತರ. ಗುಡುಗು ತೀರಾ ಜೋರು, ಪಿಚ್ ತಗ್ಗು. ಹಾಗಾಗಿ "ಕೀರಲು ದನಿ", "ಎತ್ತರದ ಸ್ವರ", "ತಾರಕ ಸ್ವರ" ಅಂತ ಸಂದರ್ಭ ನೋಡಿ ಬರೆಯಬೇಕು. ಹಾಡುವವರ ಆಧಾರ ಸ್ವರದ ಮಾತಾದರೆ ಶ್ರುತಿ.

ಪಿಚ್ ಮತ್ತು ಫ್ರೀಕ್ವೆನ್ಸಿ ಕೂಡ ಪೂರ್ತಿ ಒಂದೇ ಅಲ್ಲ. ಫ್ರೀಕ್ವೆನ್ಸಿ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನೋದು, ಅದನ್ನು ಉಪಕರಣ ಅಳೆಯುತ್ತದೆ, ಹರ್ಟ್ಜ್ ಲೆಕ್ಕದಲ್ಲಿ. ಪಿಚ್ ಕಿವಿ ಕೇಳುವುದು. 220 ಹರ್ಟ್ಜ್‌ನಿಂದ 440ಕ್ಕೆ ಹೋದರೆ ಒಂದು ಸ್ಥಾಯಿ ಮೇಲೆ. 440ರಿಂದ ಇನ್ನೊಂದು ಸ್ಥಾಯಿ ಏರಬೇಕಾದರೆ 660 ಸಾಲದು, 880 ಬೇಕು. ಕಿವಿಗೆ ಎರಡೂ ಜಿಗಿತ ಒಂದೇ ಸಮ ಅನ್ನಿಸುತ್ತದೆ, ಅಂಕಿಯಲ್ಲಿ ಮಾತ್ರ ಎರಡನೇದು ಮೊದಲನೇದರ ಎರಡರಷ್ಟು.

ಪಾಶ್ಚಾತ್ಯ ಸಂಗೀತದಲ್ಲಿ ಶ್ರುತಿಗೆ ಹಿಡಿಯುವ ಎ ಸ್ವರಕ್ಕೆ ಈಗ ಇರುವ ಮಟ್ಟ 440. ಅದೂ ಮೊದಲಿನಿಂದ ಇದ್ದದ್ದಲ್ಲ. 1859ರಲ್ಲಿ ಫ್ರಾನ್ಸ್ ಎ ಸ್ವರಕ್ಕೆ 435 ಅಂತ ಕಾನೂನು ಮಾಡಿತ್ತು. 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ 440 ಅಂತ ಒಪ್ಪಿಕೊಂಡರು. ಹಳೇ ಯುರೋಪಿಯನ್ ಸಂಗೀತ ನುಡಿಸುವ ಎಷ್ಟೋ ತಂಡಗಳು ಈಗಲೂ 415ಕ್ಕೆ ಶ್ರುತಿ ಮಾಡಿಕೊಳ್ಳುತ್ತವೆ.

ಒಂದು ಪ್ರಶ್ನೆ. ನೆಡುವುದಕ್ಕೂ ಸ್ವರಕ್ಕೂ ಏನು ಸಂಬಂಧ? ನನಗದು ಇನ್ನೂ ಕೂರುತ್ತಿಲ್ಲ.

ನಿಘಂಟು ಹುಳ

ತಂಬೂರಿ ಅವರೇ, "ಗೊತ್ತು ಮಾಡು" ಅನ್ನೋ ಅರ್ಥವನ್ನು ಗಟ್ಟಿಯಾಗಿ ಹಿಡ್ಕೊಳ್ಳಿ. ಗೂಟವನ್ನು ಒಂದು ಜಾಗದಲ್ಲಿ ಊರುತ್ತೇವೆ. ಹಾಗೇ ಇಷ್ಟು ಎತ್ತರ ಅಂತ ಒಂದು ಮಟ್ಟ ಗೊತ್ತು ಮಾಡಿದರೆ ಅದೂ ಪಿಚ್. ಬೇಟೆಗೆ ಸಾಕಿದ ಹಕ್ಕಿ ಏರುವ ಎತ್ತರಕ್ಕೂ ಪಿಚ್ ಅಂತಿದ್ದರು. ಸ್ವರದ ಎತ್ತರ ಪಿಚ್ ಆದದ್ದು, ಸೂರಿನ ಇಳಿಜಾರು ಪಿಚ್ ಆದದ್ದು, ಜನರ ಉತ್ಸಾಹ "ಫೀವರ್ ಪಿಚ್" ತಲುಪುವುದು, ಎಲ್ಲ ಈ ಮಟ್ಟದ ಅರ್ಥದ ಕಡೆಯವು.

ನೇರ ಮಾತು ಅವರಿಗೂ ಉತ್ತರ ಕೊಡ್ತೀನಿ. ಬೋಲ್ಟಿನ ವಿಷಯದಲ್ಲಿ ನೀವು ಹೇಳಿದ್ದು ಸರಿಯೇ. ಆದರೆ "ಪಿಚ್ಡ್ ಬ್ಯಾಟಲ್" ನೋಡಿ. ಪಿಚ್ ಅಂದರೆ ಎಸೆತ ಅಂತ ತಿಳಿದವರು ಇದನ್ನು ಕಲ್ಲುತೂರಾಟ ಅಂತ ಬರೆದಾರು. ಇದು ಗೊತ್ತು ಮಾಡಿದ ಕದನ. ಎರಡೂ ಕಡೆಯವರು ಜಾಗ ಹಿಡಿದು, ಸಾಲುಗಟ್ಟಿ ನಿಂತು ಕಾದಾಡೋದು. ದಾರಿಯಲ್ಲಿ ಎದುರಾಗಿ ಹೊಡೆದಾಡಿದ್ದಲ್ಲ, ಕದ್ದು ಮೇಲೆರಗಿದ್ದೂ ಅಲ್ಲ. ಮನೆ ಯಾವುದು ಅಂತ ಗೊತ್ತಿದ್ದವರು ಇಲ್ಲಿ ಎಡವಲ್ಲ.

ನೇರ ಮಾತು

ಪಿಚ್ಡ್ ಬ್ಯಾಟಲ್ ವಿಷಯ ಒಪ್ಪಿದೆ. ಹಾಗಾದರೆ ವ್ಯಾಪಾರದವರ ಪಿಚ್ ಎಲ್ಲಿಂದ? ಹೂಡಿಕೆದಾರರ ಮುಂದೆ ನಿಂತು ಮಾಡ್ತಾರಲ್ಲ, ಅದು.

ನಿಘಂಟು ಹುಳ

ಅದೂ ಎರಡನೇ ಮನೆಯದೇ. ಬ್ರಿಟನ್ನಿನಲ್ಲಿ ಬೀದಿಯಲ್ಲಿ ಮಾರುವವರು ನಿಲ್ಲುವ ಜಾಗಕ್ಕೆ ಈಗಲೂ ಪಿಚ್ ಅಂತಾರೆ. ಅಲ್ಲಿ ನಿಂತು ಗಿರಾಕಿಗಳ ಕಡೆಗೆ ಎಸೆಯುವ ಮಾತಿಗೂ ಪಿಚ್ ಅನ್ನೋ ಹೆಸರು ಬಂತು. ಹಾಗಾಗಿ ಅದರಲ್ಲಿ ಬರೀ ವಿವರಣೆ ಇಲ್ಲ, ಒಪ್ಪಿಸೋ ಉದ್ದೇಶ ಇದೆ. "ಮಂಡಿಸಿದ" ಅಂದರೆ ತೀರಾ ಕಚೇರಿ ಭಾಷೆ ಆಗುತ್ತದೆ. ಮೇಡಂ ಅವರ ಕ್ಯಾಪ್ಟನ್‌ಗೆ "ಯೋಜನೆ ಹೇಳಿ ದುಡ್ಡು ಹಾಕುವಂತೆ ಒಪ್ಪಿಸಲು ನೋಡಿದ" ಅನ್ನೋದು ಹೊಂದುತ್ತದೆ.

ಸಬ್‌ಟೈಟಲ್ ಬರೆಯುವವಳು

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಹಡಗು ಪಿಚ್ ಆಗೋದು ಮಾತ್ರ ಉಳಿದಿದೆ. "ಹಡಗು ಓಲಾಡಿತು" ಅಂತ ಹಾಕಿದ್ದೇನೆ. ಆದರೆ ಮುಂದಿನ ಸಾಲಿನಲ್ಲೇ ರೋಲ್ ಅನ್ನೋದೂ ಬರುತ್ತದೆ, ಅದಕ್ಕೂ ಓಲಾಟ ಅಂದರೆ ಹೇಗೆ?

ಮೂತಿ ಮೇಲೆ

ಅಕ್ಕಾ, ಇದು ನನ್ನ ವಿಷಯ, ವಿಮಾನಗಳ ಬಗ್ಗೆ ಓದುತ್ತಿದ್ದೇನೆ. ಹಡಗಿಗೂ ವಿಮಾನಕ್ಕೂ ಇದು ಒಂದೇ. ಮೂತಿ ಮೇಲೆ ಕೆಳಗೆ ಆದರೆ ಪಿಚ್. ಎಡಕ್ಕೆ ಬಲಕ್ಕೆ ವಾಲಿದರೆ ರೋಲ್. ಮೂತಿ ಎಡಕ್ಕೆ ಬಲಕ್ಕೆ ತಿರುಗಿದರೆ "ಯಾ" (yaw). ಹಾಗಾಗಿ ಓಲಾಟವನ್ನು ರೋಲ್‌ಗೆ ಇಟ್ಟುಕೊಳ್ಳಿ. ಪಿಚ್‌ಗೆ "ಹಡಗಿನ ಮೂತಿ ಅಲೆಯ ಮೇಲೆ ಏರಿತು, ಧುಮುಕಿತು" ಅಂತ ಬರೆಯಬಹುದು. ಸಬ್‌ಟೈಟಲ್ ಉದ್ದ ಆಗುತ್ತೆ ಅಂದರೆ "ಮೂತಿ ಏರಿಳಿಯಿತು".

ವಿಮಾನದಲ್ಲಿ ಇನ್ನೂ ಒಂದು ತೊಡಕಿದೆ. ಪ್ರೊಪೆಲ್ಲರ್‌ಗೂ ಪಿಚ್ ಇದೆ. ಪ್ರೊಪೆಲ್ಲರ್ ಒಂದು ಸುತ್ತಿಗೆ, ಗಾಳಿಯಲ್ಲಿ ಜಾರದೆ ಹೋದರೆ, ಎಷ್ಟು ಮುಂದೆ ಹೋಗಬೇಕೋ ಆ ದೂರವೇ ಪಿಚ್. ಅಂದರೆ ಲೇತ್ ಅಣ್ಣ ಹೇಳಿದ ಸ್ಕ್ರೂ ಲೆಕ್ಕವೇ ಇದು. ಅದಕ್ಕೇ ಹಡಗಿನ ಪ್ರೊಪೆಲ್ಲರನ್ನು ಇಂಗ್ಲಿಷಿನಲ್ಲಿ ಸ್ಕ್ರೂ ಅಂತಲೂ ಕರೀತಾರೆ. ರೆಕ್ಕೆಯ ಕೋನ ಬದಲಿಸಬಹುದಾದ ಪ್ರೊಪೆಲ್ಲರ್ ಇದ್ದರೆ ಪೈಲಟ್ ಟೇಕಾಫ್‌ಗೆ ಪಿಚ್ ಕಡಿಮೆ ಇಡುತ್ತಾರೆ, ಮೇಲೆ ಹೋಗಿ ಸಮವಾಗಿ ಹಾರುವಾಗ ಜಾಸ್ತಿ ಮಾಡುತ್ತಾರೆ. ಒಂದೇ ಕಾಕ್‌ಪಿಟ್‌ನಲ್ಲಿ "ಪಿಚ್ ಕಡಿಮೆ ಮಾಡು" ಅಂದರೆ ಮೂತಿ ಇಳಿಸೋದೋ ಪ್ರೊಪೆಲ್ಲರ್ ಕೋನ ಇಳಿಸೋದೋ? ಹಿಂದೆ ಮುಂದೆ ಏನು ಮಾತು ನಡೆದಿದೆ ನೋಡದೆ ಅನುವಾದ ಮಾಡೋ ಹಾಗಿಲ್ಲ.

ಲೇತ್ ಹತ್ತಿರ ನಿಲ್ಲುವವ

ಸರಿಯಾಗಿ ಹೇಳಿದೆ ತಮ್ಮ. ಒಂದು ಸೇರಿಸ್ತೀನಿ. ಸ್ಕ್ರೂ ಒಂದು ಸುತ್ತಿಗೆ ಮುಂದೆ ಹೋಗುವ ದೂರಕ್ಕೆ ನಾವು ಲೀಡ್ ಅಂತೀವಿ. ಒಂದೇ ಎಳೆಯ ಥ್ರೆಡ್ ಆದರೆ ಲೀಡೂ ಪಿಚ್ಚೂ ಒಂದೇ. ಎರಡು ಎಳೆ ಅಕ್ಕಪಕ್ಕ ಸುತ್ತಿದ್ದರೆ ಲೀಡ್ ಪಿಚ್‌ನ ಎರಡರಷ್ಟು. ಕೆಲವು ಬಾಟಲಿ ಮುಚ್ಚಳ ಅರ್ಧ ಸುತ್ತಿಗೇ ಬಿಗಿಯಾಗೋದು ಎಳೆ ಜಾಸ್ತಿ ಇರೋದರಿಂದ.

ಕೆಮಿಸ್ಟ್ರಿ ಮೇಷ್ಟ್ರು

ಹೂಜಿ ಗಿಡ ಇದೆಯಲ್ಲ, ಹುಳ ಹಿಡಿಯುವ ಪಿಚರ್ ಪ್ಲಾಂಟ್, ಅದು ಯಾವ ಮನೆ? ಬೇಸ್‌ಬಾಲಿನ ಪಿಚರ್‌ಗೂ ಅದಕ್ಕೂ ನಂಟಿದೆಯಾ?

ನಿಘಂಟು ಹುಳ

ಇಲ್ಲ ಸರ್, ಅದು ಮೂರನೇ ಮನೆ! ಹೂಜಿ ಅನ್ನೋ ಅರ್ಥದ ಪಿಚರ್ ಹಳೇ ಫ್ರೆಂಚಿನ ಪಿಷಿಯೆ ಅನ್ನೋ ಪದದಿಂದ ಬಂದದ್ದು. ನಿಮ್ಮ ಲ್ಯಾಬಿನ ಬೀಕರ್‌ನ ನೆಂಟ. ಡಾಂಬರಿಗೂ ಸೇರಲ್ಲ, ಎಸೆತಕ್ಕೂ ಸೇರಲ್ಲ. ಬೇಸ್‌ಬಾಲಿನ ಪಿಚರ್ ಮಾತ್ರ ಎಸೆಯುವವನು. ಹುಲ್ಲು ಎತ್ತುವ ಪಿಚ್‌ಫೋರ್ಕ್ ಇದೆಯಲ್ಲ, ಅದರ ಹಳೇ ರೂಪ ಪಿಕ್‌ಫೋರ್ಕ್. ಅದರಿಂದ ಹುಲ್ಲನ್ನು ಚುಚ್ಚಿ ಎಸೆಯುತ್ತಿದ್ದರಲ್ಲ, ಜನರ ಬಾಯಲ್ಲಿ ಕ್ರಮೇಣ ಪಿಚ್ ಕಡೆಗೆ ವಾಲಿಕೊಂಡಿತು.

ಸಬ್‌ಟೈಟಲ್ ಬರೆಯುವವಳು

"ಮೂತಿ ಏರಿಳಿಯಿತು" ಹಾಕಿಕೊಂಡೆ ತಮ್ಮಾ, ದೃಶ್ಯಕ್ಕೆ ಸರಿಯಾಗಿ ಕೂತಿದೆ. ಡಾಂಬರಿನ ದೃಶ್ಯದಲ್ಲಿ ಇನ್ನೊಂದು ಸಾಲಿದೆ, ಅದೊಂದನ್ನು ಕೇಳಿಬಿಡ್ತೀನಿ. ಅವರು ಹಡಗಿನ ಸಂದುಗಳನ್ನು "ಪೇ" ಮಾಡಿದರು ಅಂತ ನಿರೂಪಕ ಹೇಳುತ್ತಾನೆ. ಸಂದಿಗೆ ದುಡ್ಡು ಕೊಡೋದು ಅಂದರೇನು?

ನಿಘಂಟು ಹುಳ

ದುಡ್ಡಲ್ಲ ಮೇಡಂ. ಇದು ಬೇರೇನೇ ಪೇ. ಹಣದ ಪೇ ಲ್ಯಾಟಿನ್‌ನ ಪಕಾರೆಯಿಂದ ಬಂದದ್ದು, ಸಮಾಧಾನ ಮಾಡು ಅನ್ನೋ ಅರ್ಥ, ಸಾಲ ಕೊಟ್ಟವನನ್ನು ಸಮಾಧಾನ ಮಾಡೋದು. ನಾವಿಕರ ಪೇ ಬಂದದ್ದು ಪಿಕಾರೆಯಿಂದ, ಅಂದರೆ ಪಿಕ್ಸ್ ಬಳಿ ಅಂತ. ಅದೇ ಮೊದಲನೇ ಮನೆಯ ಪಿಕ್ಸ್! ಫ್ರೆಂಚಿನ ದಾರಿಯಲ್ಲಿ ಸವೆದು ಸವೆದು ಪೇ ಆಗಿದೆ. "ಸಂದುಗಳಿಗೆ ಡಾಂಬರು ಬಳಿದರು" ಅಂತ ಬರೆಯಿರಿ.